ಚಪ್ಪಲ್ ಮೆಟ್ಟಿಕೊಂಡು ಹೊಂಟ ನೆಟ್

ಹೋದ ತಿಂಗಳ ಮಠದ ಸಭಾಭವನದಾಗ ನಮ್ಮ ಬಾಜೂ ಮನಿ ಹಿರ್ಯಾರ ನುಡಿನಮನ ಇಟ್ಟಿದ್ರು. ನಾ ಮೂರನೇ ಸಾಲಿನ್ಯಾಗ ಕುಂತು, ಸೆರಗು ಬಾಯಿಗೆ ಹಿಡದು, ಹೆಗಲು ಕುಣಿಸಿ ಕುಣಿಸಿ ನಕ್ಕೆ. ಹಿಂದ ಕುಂತಾವರು "ಪಾಪ, ಅಕ್ಕೋರು ಭಾಳ ಹಚ್ಚಿಕೊಂಡಿದ್ರು, ಹೆಂಗ ಅಳಾಕತ್ತಾರ ನೋಡ್ರಿ" ಅಂತ ನನ್ನ ಬೆನ್ನ ಮ್ಯಾಲ ಕೈ ಆಡಿಸಿದ್ರು. ಒಬ್ಬಾಕಿ ನೀರಿನ ಬಾಟ್ಲಿ ಕೊಟ್ಟಳು. ಸತ್ತವರ ಸಭಾದಾಗ ನಗೂದು ಚಲೋ ಅಲ್ಲ, ನನಗೂ ಗೊತ್ತೈತಿ. ಸಾಲಿ ಹುಡುಗೂರಿಗೆ ಯಾವಾಗ ನಗಬೇಕು, ಯಾವಾಗ ನಗಬಾರದು ಅಂತ ಕಲಿಸಿಕೋತ ಬಂದಾಕಿ ನಾ. ಆದ್ರ ಆ ಮನಷ್ಯಾನ ಬಾಜೂಕ ಅಷ್ಟು ವರ್ಷ ನೀವೂ ಇದ್ದು, ಆ ಹೊತ್ತಿನ್ಯಾಗ ನನ್ನ ಕಿವ್ಯಾಗ ಬಿದ್ದ ಮಾತು ನಿಮ್ಮ ಕಿವ್ಯಾಗೂ ಬಿದ್ದಿದ್ರ, ನೀವು ನೆಲಕ್ಕ ಬಿದ್ದು ಉಳ್ಳಾಡತಿದ್ರಿ. ಆ ಮಾತು ಏನು ಅನ್ನೂದು ತಿಳಿಬೇಕಂದ್ರ ಮೊದಲ ಮನಷ್ಯಾ ತಿಳಿಬೇಕು.

ಅವರ ಹೆಸರು ಹೇಳೂದಿಲ್ಲ. ಹೆಂಡತಿ ಹೇಳಲಿಲ್ಲ, ಸೊಸಿ ಹೇಳಲಿಲ್ಲ, ಬಾಜೂ ಮನಿಯಾಕಿ ನಾ ಯಾಕ ಹೇಳಿ ಪಾಪ ಕಟ್ಟಿಕೊಳ್ಳಲಿ? ಊರಾಗ ಎಲ್ಲಾರೂ ಸೆಕ್ರೆಟರಿ ಸಾಹೇಬ್ರು ಅಂತಿದ್ರು. ನಾ ಕಾಕಾ ಅಂತಿದ್ದೆ.

ಕುಂದಗೋಳ ತಾಲೂಕಿನ ನಮ್ಮ ಊರಾಗ ರೈತರಿಗೆ ಬೀಜ, ಗೊಬ್ಬರ ಕೊಡೂ ಒಂದು ಸೊಸೈಟಿ ಐತಿ. ಕಾಕಾ ಹರೇದಾಗ ಅದಕ್ಕ ಸೆಕ್ರೆಟರಿ ಆದಾವರು, ತಲಿ ಬೆಳ್ಳಗಾಗೂ ತನಕ ಅಲ್ಲೇ ಕುಂತ್ರು. ಗೋದಾಮಿನ ಕೀಲಿಕೈ ಗೊಂಚಲ ನಡಕ್ಕ ಕಟ್ಟಿಕೊಂಡಿರತಿದ್ರು. ಅವರು ಓಣಿ ಹೊಕ್ರ ಮೊದಲ ಕೀಲಿಕೈ ಸಪ್ಪಳ ಬರತಿತ್ತು, ಹಿಂದಿನಿಂದ ಅವರು ಬರತಿದ್ರು. ಮುಂಗಾರಿ ಹಸಿಯಾಗಿ ರೈತರು ಗೊಬ್ಬರಕ್ಕ ಪಾಳಿ ಹಚ್ಚಿ ನಿಂತ್ರ, ಕಾಕಾ ಕುರ್ಚಿ ಮ್ಯಾಲ ಕುಂತು, ಅರ್ಧ ಕಣ್ಣ ಮುಚ್ಚಿ, "ಸ್ಟಾಕ್ ಇಲ್ಲ" ಅಂತಿದ್ರು. ಅವರ ಬೆನ್ನ ಹಿಂದಿನ ಗೋದಾಮಿನ್ಯಾಗ ಚೀಲ ತಗಡು ಮುಟ್ಟೂಹಂಗ ಒಟ್ಟಿರತಿದ್ರು. ಮಂದಿ ಬಿಸಲಾಗ ನಿಂತು, ಕೈ ಮುಗದು, "ಸಾಹೇಬ್ರ, ಸಾಹೇಬ್ರ" ಅಂತ ಹಲ್ಲ ಗಿಂಜಿದ ಮ್ಯಾಲ ಕೀಲಿ ತಗದು, "ಬಿಟ್ಟೀನಿ, ಒಯ್ಯಿರಿ" ಅಂತಿದ್ರು. ರೊಕ್ಕ ತಿಂದಾವರಲ್ಲ, ಖರೇ ಹೇಳಬೇಕು. ಒಂದು ಚೀಲ ಆ ಕಡೆ ಈ ಕಡೆ ಮಾಡಲಿಲ್ಲ. ಮಂದೀನ್ನ ಕಾಯಿಸೂದ ಅವರ ತಿನಿಸು.

ಶ್ರಾವಣದಾಗ ಮಠದ ಪ್ರವಚನಕ್ಕ ಮೊದಲ ಪೀಠಿಕಿ ಮಾತು ಇವರದ. ಮೈಕ್ ಹಿಡದ್ರ ಬಿಡತಿರಲಿಲ್ಲ. "ಶರಣರು ಜನನ ಸೂತಕ, ಮರಣ ಸೂತಕ, ಜಾತಿ ಸೂತಕ, ಎಂಜಲ ಸೂತಕ, ಹೆಣ್ಮಕ್ಕಳ ರಜಸ್ಸಿನ ಸೂತಕ, ಐದನ್ನೂ ಕಿತ್ತು ಒಗದ್ರು!" ಅಂತ ಕೈಯಾಗಿನ ಐದೂ ಬಟ್ಟ ಎತ್ತಿ, ಒಂದೊಂದಾಗಿ ಮಡಚಿ, ಕಡೀಕ ಮುಷ್ಟಿ ಮಾಡಿ ತೋರಸತಿದ್ರು. ಚಪ್ಪಾಳಿ ಬೀಳತಿದ್ದವು. ಮುಂದಿನ ಸಾಲಿನ್ಯಾಗ ಅವರ ಹೆಂಡತಿ ನೀಲಮ್ಮ ಕಾಕು ಕುಂತು ಕೇಳತಿದ್ರು. ಪ್ರತಿ ವರ್ಷ ಅದ ಮಾತು, ಅವ ಐದು ಬಟ್ಟ.

ರಿಟೈರ್ ಆದ್ರು. ಕೀಲಿಕೈ ಹೊಸಬನ ಕೈಯಾಗ ಕೊಟ್ಟು, ಕೊಳ್ಳಾಗ ಹಾರ ಹಾಕಿಸಿಕೊಂಡು ಮನಿಗೆ ಬಂದ್ರು. ಆಮ್ಯಾಲೆ ಅವರ ಬಲಗೈ ತಾನ ನಡಕ್ಕ ಹೋಗತಿತ್ತು, ಅಲ್ಲೆ ಏನೂ ಸಿಗತಿರಲಿಲ್ಲ, ಕೈ ತಿರುಗಿ ಬರತಿತ್ತು. ಕಟ್ಟಿ ಮ್ಯಾಲ ಕುಂತಾಗ, ಉಣ್ಣೂ ಮುಂದ, ಮಾತಾಡೂ ಮುಂದ, ಅದ ಕೆಲಸ. ನೀಲಮ್ಮ ಕಾಕು ಒಂದಿನ ತಡೀಲಾರದ, "ಅಡಗಿಮನಿ ಕೀಲಿಕೈ ಕೊಡಲೇನ್ರಿ, ಕಟ್ಟಿಕೊಂಡು ಅಡ್ಡಾಡ್ರಿ" ಅಂದ್ರು. ಕಾಕಾ ಎರಡ ದಿನ ಮಾತು ಬಿಟ್ಟಿದ್ರು.

ಇಂಥಾ ಮನಿಗೆ ಶೈಲಾ ಸೊಸಿಯಾಗಿ ಬಂದಳು. ಧಾರವಾಡದಾಗ ಗಣಿತದ ಎಂ.ಎಸ್ಸಿ ಮಾಡಿದ ಹುಡುಗಿ. ಗಂಡ ಬಸವರಾಜ ಬಸ್ ಕಂಡಕ್ಟರ್. ಚಲೋ ಹುಡುಗ, ಆದ್ರ ಅಪ್ಪನ ಮುಂದ ಅವನ ಬಾಯಿ ಸೀಟಿ ಊದಾಕಷ್ಟ. ಒಂದೆರಡು ವರ್ಷ ಶೈಲಾ ಸುಮ್ಮನ ರೊಟ್ಟಿ ಬಡದಳು. ಆಮ್ಯಾಲೆ ಹುಬ್ಬಳ್ಳಿಯ ಒಂದು ಟ್ಯೂಶನ್ ಕಂಪನಿಯವರದು ಕೆಲಸ ಬಂತು. ಮನಿಯಾಗ ಕುಂತು ಲ್ಯಾಪ್‌ಟಾಪಿನ ಮ್ಯಾಲ ಹುಡುಗೂರಿಗೆ ಗಣಿತ ಕಲಿಸೂದು. "ಸದ್ಯಕ್ಕ ಟೆಂಪರರಿ. ಒಂದಿನ ನಮ್ಮ ಸಾಹೇಬ್ರು ನಿಮ್ಮ ಪಾಠ ಕುಂತು ನೋಡತಾರ, ಪಾಸಾದ್ರ ಪರ್ಮನೆಂಟ್. ನಡಬರಕ ನೆಟ್ ಹೋಗಿ ಪಾಠ ನಿಂತ್ರ ಮಾತ್ರ ನಿಮ್ಮನ್ನ ಇಟ್ಟುಕೊಳ್ಳೂದಿಲ್ಲ" ಅಂತ ಮೊದಲ ಹೇಳಿಬಿಟ್ಟಿದ್ರು. ಶೈಲಾ ಹಿತ್ತಲ ಗ್ವಾಡಿ ಮ್ಯಾಲಿಂದ ನನಗ ಈ ಸುದ್ದಿ ಹೇಳೂ ಮುಂದ ಆಕಿ ಮಾರಿ ನೋಡಬೇಕಿತ್ತು.

"ಅಕ್ಕೋರ, ನಂದು ಅಂತ ಇದೊಂದ ಐತ್ರಿ. ಇದೂ ಹೋತಂದ್ರ ನಾ ಕಲತದ್ದು ನನಗ ಮರತ ಹೋಗತೈತಿ" ಅಂದಳು.

ನೆಟ್ ಬೇಕಲ್ಲ? ಬಸವರಾಜ ವೈರ್ ಎಳಿಯಾಂವನ್ನ ಕರಕೊಂಡು ಬಂದ. ಕಾಕಾ ಬಾಗಲಕ್ಕ ಅಡ್ಡ ನಿಂತ್ರು.

"ಗ್ವಾಡಿಗೆ ತೂತ ಹಾಕಾಂವೇನು ನೀ?"

"ಸಣ್ಣದ್ರೀ ಅಜ್ಜಾರ, ಬಟ್ಟ ಹೋಗೂವಷ್ಟ."

"ಬಟ್ಟ ಹೋದಲ್ಲೆ ಇಲಿ ಹೋಗತೈತಿ, ಇಲಿ ಹೋದಲ್ಲೆ ಹಾವು ಹೋಗತೈತಿ. ನಡಿ, ನಡಿ."

ಅಂವ ಹೋದ ಮ್ಯಾಲ ಪಡಸಾಲಿಯಾಗ ಎಲ್ಲಾರನ್ನೂ ಕೂಡಿಸಿ ಹುಕುಂ ಆತು. "ನನ್ನ ಮೊಬೈಲಿನ್ಯಾಗ ಬೇಕಾದಷ್ಟು ನೆಟ್ ಐತಿ. ಹಾಟ್‌ಸ್ಪಾಟ್ ಹಚ್ಚಿ ಇಡೀ ಮನಿಗೆ ನಾ ಬಿಡತೀನಿ." ಬಿಡತೀನಿ ಅನ್ನೂ ಮುಂದ ಅವರ ಬಲಗೈ ನಡಕ್ಕ ಹೋತು, ಅಲ್ಲೆ ಮೊಬೈಲಿನ ಚರ್ಮದ ಚೀಲ ಇತ್ತು, ಈ ಸಲ ಕೈ ತಿರುಗಿ ಬರಲಿಲ್ಲ.

ನಮ್ಮ ಕಡೆ ಹಳೇ ಮನಿಗಳ ಮಣ್ಣಿನ ಗ್ವಾಡಿ ಎರಡು ಮೊಳ ದಪ್ಪ, ಮ್ಯಾಲ ಮಣ್ಣಿನ ಮಾಳಿಗಿ. ಒಳಗ ತಂಪು ಬರತೈತಿ, ಸಿಗ್ನಲ್ ಬರೂದಿಲ್ಲ. ಟವರ್ ಇರೂದು ಯರಗುಪ್ಪಿ ದಿಕ್ಕಿಗೆ. ಕಾಕಾ ಮೊಬೈಲ್ ಎರಡೂ ಕೈಯಾಗ ಎತ್ತಿ ಹಿಡದು ಆರತಿ ಹಿಡದಾವರಂಗ ಮನಿ ತುಂಬ ಅಡ್ಡಾಡಿದ್ರು, ಹಿಂದಿನಿಂದ ಹೆಂಡತಿ, ಮಗ, ಸೊಸಿ. ದನದ ಅಂಕಣದಾಗ ಇಲ್ಲ, ಪಡಸಾಲಿಯಾಗ ಇಲ್ಲ, ಅಡಗಿಮನಿಯಾಗ ಒಂದ ಕಡ್ಡಿ. ಕಡೀಕ ದೇವರ ಕ್ವಾಣಿ ಹೊಕ್ರು. ಅಲ್ಲೆ ದೇವರ ಕೂಡಿಸಿದ ಜಗಲಿ ಮ್ಯಾಲ ಬರೋಬ್ಬರಿ ಬೆಳಕಿಂಡಿ ಐತಿ, ಬಿಸಲು ಅಲ್ಲಿಂದನ ದೇವರ ಮ್ಯಾಲ ಬೀಳತೈತಿ. ಸಿಗ್ನಲೂ ಅಲ್ಲಿಂದನ ಬಿತ್ತು. ಅಷ್ಟೂ ಕಡ್ಡಿ ತುಂಬಿದ್ವು. ಕಾಕಾ ಮೊಬೈಲನ್ನ ದೇವರ ಬಾಜೂಕ ಇಟ್ಟು ಕೈ ಮುಗದ್ರು. ಯಾರಿಗೆ ಮುಗದ್ರೋ ನನಗ ಗೊತ್ತಿಲ್ಲ.

"ಮಾವಾರ, ನನ್ನ ಮೊಬೈಲೂ ಅಲ್ಲೆ ಇಟ್ರ ನಿಮಗ ತ್ರಾಸ ಇರೂದಿಲ್ಲ" ಅಂದಳಂತ ಶೈಲಾ.

"ಒಂದ ಒರಿಯಾಗ ಎರಡ ಕತ್ತಿ ಹಿಡಸೂದಿಲ್ಲವ್ವ" ಅಂದ್ರು. ಮಾಳಿಗಿ ಮ್ಯಾಲ ಸಿಗ್ನಲ್ ಅಗದೀ ಚಲೋ ಬರತಿತ್ತು, ಆದ್ರ ಮನಿ ಸೊಸಿ ಮಾಳಿಗಿ ಏರಿ ಕುಂತ್ರ ಮಂದಿ ನೋಡತಾರಂತ ಅದೂ ಬಂದ್.

ಅಲ್ಲಿಂದ ಆ ಮನಿಯಾಗ ಹೊಸ ದೇವರ ಪೂಜಿ ಚಾಲೂ ಆತು. ದಿನಾ ಮುಂಜಾನೆ ಜಳಕ ಮಾಡಿ, ಒದ್ದಿ ಪಂಜಿ ಮ್ಯಾಲನ ಮೊಬೈಲ್ ಮುಟ್ಟೂದು. ಇಡೀ ಮನಿಗೆ ನೆಟ್ ಹಂಚಿ ಹಂಚಿ ಅದು ಕಾಯತಿತ್ತು. ಕಾದ್ರ ಸಿಟ್ಟಿಗೇರತೈತಿ ಅಂತ ನೀರು ತುಂಬಿದ ತಾಮ್ರದ ತಂಬಿಗಿ ಮ್ಯಾಲ ತಾಟ ಮುಚ್ಚಿ, ಅದರ ಮ್ಯಾಲ ಅದರ ಗಾದಿ. ಬೆನ್ನಿಗೆ ಮೂರು ಬಟ್ಟ ವಿಭೂತಿ. ಚಾರ್ಜರಿನ ವೈರ್ ಅಡಗಿಮನಿಯಿಂದ ಹೊಸ್ತಲಾ ದಾಟಿ ಬರತಿತ್ತು, ನೀಲಮ್ಮ ಕಾಕು ದಿನಾ ಎಡವತಿದ್ರು. ಎಡವಿದ್ರ ಕಾಕಾ ಒಳಗಿಂದ "ವೈರ್ ಹುಷಾರು!" ಅಂತಿದ್ರು. ಕಾಲ ಹುಷಾರು ಅಂತ ಒಂದ ದಿನ ಅನ್ನಲಿಲ್ಲ ಮನಷ್ಯಾ.

ಪಾಸ್‌ವರ್ಡ್ ಅವರ ತಲಿಯಾಗ. ಹೆಂಡತಿ ಜೋಡಿ ಜಗಳಾದ್ರ ಬದಲಾಗತಿತ್ತು, ಸಾರಿಗೆ ಉಪ್ಪು ಹೆಚ್ಚಾದ್ರೂ ಬದಲಾಗತಿತ್ತು. ಶೈಲಾ ಪಾಠಕ್ಕ ಮೊದಲ ಪಡಸಾಲಿಗೆ ಬಂದು, "ಮಾವಾರ, ನೆಟ್ ಬಿಡ್ರಿ" ಅನ್ನಬೇಕು. ಅವರು ಅರ್ಧ ಕಣ್ಣ ಮುಚ್ಚಿ "ಸ್ಟಾಕ್ ಇಲ್ಲ" ಅನ್ನಬೇಕು. ಆಕಿ ಇನ್ನೊಮ್ಮೆ ಕೇಳಬೇಕು. ಆಮ್ಯಾಲೆ "ಬಿಟ್ಟೀನಿ, ಒಯ್ಯಿ." ಗ್ವಾಡಿ ಈ ಕಡೆ ಕುಂತು ಇದನ್ನ ಕೇಳಿ ಕೇಳಿ ನನ್ನ ಹಲ್ಲ ಸವದ್ವು.

ಹಾಟ್‌ಸ್ಪಾಟಿಗೆ ಒಂದು ಹೆಸರು ಇಡಬೇಕಾಗತೈತಲ್ಲ, ಬಾಜೂ ಮಂದಿ ಮೊಬೈಲಿನ್ಯಾಗೂ ಆ ಹೆಸರು ಕಾಣತೈತಿ. ಅದು ತಿಳದದ್ದ ತಡ, ಕಾಕಾ ಅದನ್ನ ಊರ ಡಂಗುರ ಮಾಡಿಕೊಂಡ್ರು. ಇಂಗ್ಲಿಷ್ ಅಕ್ಷರದಾಗ ಕನ್ನಡ ಹೊಡದು ದಿನಕ್ಕೊಂದು ಹೆಸರು. ನಾ ಮುಂಜಾನೆ ಮೊಬೈಲ್ ತಗದ್ರ "ಕಸ ಈ ಕಡೆ ಉಡಗಬ್ಯಾಡ್ರಿ" ಅಂತ ಇರತಿತ್ತು. ಉಡಗಿದಾಕಿ ನಾನ. ಮರುದಿನ "ಅಕ್ಕೋರ ನಿಮಗ ಹೇಳಿದ್ದು." ಎದುರಿಗೆ ಟೇಲರ್ ಮಾಬೂಸಾಬನ ಅಂಗಡಿ ಐತಿ, ಅಂವ ಒಮ್ಮೆ ಕಾಕಾನ ಅಂಗಿ ತಡಾ ಮಾಡಿದ್ದ. ವಾರಗಟ್ಟಲೆ ಓಣಿಯವರ ಎಲ್ಲಾರ ಮೊಬೈಲಿನ್ಯಾಗ "ಮಾಬೂಸಾಬ ಅಂಗಿ ಎಲ್ಲಿ" ಅಂತ ಬರತಿತ್ತು. ಮಾಬೂಸಾಬ ನಗಾಂವ, "ಅಕ್ಕೋರ, ಸಾಹೇಬ್ರು ನನ್ನ ಅಂಗಡಿ ಜಾಹಿರಾತು ಫುಕಟ್ ಮಾಡಾಕತ್ತಾರ್ರಿ" ಅಂತಿದ್ದ.

ಇಷ್ಟಾಗಿ ಮೊಬೈಲ್ ಜಗಲಿ ಮ್ಯಾಲ ಕುಂತಿದ್ರ ನಡೀತಿತ್ತು. ಆದ್ರ ಕಾಕಾ ಹನಮಪ್ಪನ ಗುಡಿ ಕಟ್ಟಿಗೆ ಹೊಂಟ್ರ ಮೊಬೈಲ್ ನಡಕ್ಕ. ಕಟ್ಟಿ ಮ್ಯಾಲ ಕುಂತು ಮಂದಿಗೆ ವಿಡಿಯೋ ತೋರಸಬೇಕು, ಅದಕ್ಕ. ಅವರು ಕ್ವಾಣಿ ಹೊಕ್ಕು ಮೊಬೈಲ್ ಎತ್ತಿ, ಬಾಗಲದಾಗ ಬಂದು ಚಪ್ಪಲ್ ಹುಡುಕೂದ್ರೊಳಗ ನೀಲಮ್ಮ ಕಾಕು ಅಡಗಿಮನಿಯಿಂದ ಒದರತಿದ್ರು:

"ಶೈಲಾ! ನೆಟ್ ಚಪ್ಪಲ್ ಮೆಟ್ಟಕೊಂಡು ಹೊಂಟೈತಿ!"

ಶೈಲಾ ಆ ಕಡೆ ಹುಡುಗೂರಿಗೆ "ಈ ಲೆಕ್ಕಾ ಬಿಡಿಸ್ರಿ, ನಾ ಈಗ ಬಂದೆ" ಅಂತ ಹೇಳೂದಕ್ಕೂ, ಪಡದೆ ಮ್ಯಾಲ ಹುಡುಗೂರ ಮಾರಿ ಕಲ್ಲಾಗಿ ನಿಲ್ಲೂದಕ್ಕೂ ಸರಿಹೋಗತಿತ್ತು. ಹೆಂಗೋ ಕಂಪನಿಯವರಿಗೆ ಕರೆಂಟ್ ಮ್ಯಾಲ ಹಾಕಿ, ಮಳಿ ಮ್ಯಾಲ ಹಾಕಿ ದಿನಾ ದೂಡತಿದ್ದಳು. ಮಾವನ ಮ್ಯಾಲ ಹಾಕಲಿಲ್ಲ.

ಖರೇ ಮಜಾ ಇದಲ್ಲ. ಶೈಲಾ ಕಡಿಗಾದ್ಲು, ಅಂದ್ರ ತಿಂಗಳ ಮುಟ್ಟಾದ್ಲು. ಆ ಮನಿಯಾಗ ಆ ದಿನಗಳಾಗ ಹೆಣ್ಮಕ್ಕಳು ದೇವರ ಕ್ವಾಣಿಗೆ ಹೋಗೂದಿಲ್ಲ. ಮಠದಾಗ ಮಡಚಿದ ಐದು ಬಟ್ಟ ಮನಿಗೆ ಬಂದ ಕೂಡಲೆ ಮತ್ತ ನೆಟ್ಟಗ ಆಗತಿದ್ದವು. ಶೈಲಾ ಕ್ವಾಣಿಗೆ ಹೋಗಲಿಲ್ಲ, ತನ್ನ ಖೋಲಿಯಾಗ ಕುಂತು "ಮಾವಾರ, ನೆಟ್ ಬಿಡ್ರಿ" ಅಂದಳು. ಕಾಕಾ ಬಿಡಲಿಲ್ಲ. ಈ ಮಾತು ನಾ ಗ್ವಾಡಿಗೆ ಕಿವಿ ಹಚ್ಚಿ ಕೇಳಿದ್ದು, ಒಂದಕ್ಷರ ಹೆಚ್ಚು ಹೇಳಿದ್ರ ನನ್ನ ನಾಲಿಗಿ ಬೀಳಲಿ.

"ನೀ ಕಡಿಗಾಗೀದಿ. ಇದು ಜಗಲಿ ಮ್ಯಾಲಿನ ನೆಟ್ಟು."

"ನಾ ಜಗಲಿ ಮುಟ್ಟೂದಿಲ್ರಿ ಮಾವಾರ. ನನ್ನ ಖೋಲಿ ಎಲ್ಲಿ, ಜಗಲಿ ಎಲ್ಲಿ?"

"ಜಗಲಿಯಿಂದ ನಿನ್ನ ಲ್ಯಾಪ್‌ಟಾಪಿಗೆ ನೆಟ್ ಬರತೈತಿ ಹೌದಲ್ಲೋ?"

"ಹೌದ್ರಿ."

"ನೆಟ್ ಆ ಕಡಿಂದ ಈ ಕಡೆ ಬಂದ್ರ, ಮೈಲಿಗಿ ಈ ಕಡಿಂದ ಆ ಕಡೆ ಹೋಗೂದಿಲ್ಲೇನು? ನೀ ಗಣಿತ ಕಲತಾಕಿ, ನೀನ ಹೇಳು."

 ಗಣಿತದಾಗ ಇದಕ್ಕ ಸೂತ್ರ ಇಲ್ಲ. ಅಂದಿಂದ ತಿಂಗಳಾ ಆ ದಿನಗಳಾಗ ಆ ಮನಿಯಾಗ ನೆಟ್ ಬಂದ್. ಹಾಲು ಕಾಸೂದು ಬಂದ್ ಇಲ್ಲ, ದನದ ಸೆಗಣಿ ಬಳಿಯೂದು ಬಂದ್ ಇಲ್ಲ, ಮಾವನ ಅಂಗಿ ಒಗಿಯೂದೂ ಬಂದ್ ಇಲ್ಲ ಮತ್ತ. ನೆಟ್ ಒಂದ ಬಂದ್. ನನಗ ಸಿಟ್ಟ ನೆತ್ತಿಗೇರಿತ್ತು. ಹೋಗಿ ಕೇಳಿದೆ. "ಕಾಕಾ, ಮಠದಾಗ ಸೂತಕ ಇಲ್ಲ ಅಂತೀರಿ, ಮನಿಯಾಗ ಇದೇನ್ರಿ?" ಅಂದೆ. ಅವರು ಸಮಾಧಾನದಿಂದ, "ಅಕ್ಕೋರ, ಶರಣರ ಕಾಲಕ್ಕ ನೆಟ್ ಎಲ್ಲಿತ್ತು?" ಅಂದ್ರು. 

ಶೈಲಾ ಹೇಳೂದ ಬಿಟ್ಟಳು. ಯಾವಾಗ ಆದ್ಲು, ಯಾವಾಗ ಜಳಕ ಮಾಡಿದ್ಲು, ನೀಲಮ್ಮ ಕಾಕುಗಷ್ಟ ಗೊತ್ತು. ಕಾಕು ಆ ದಿನ ತಾವ ಜಗಲಿಗೆ ದೀಪಾ ಹಚ್ಚಿ ಸುದ್ದಿ ಮುಚ್ಚತಿದ್ರು. ಆ ಹೆಣ್ಮಗಳು ಒಂದು ದಿನ ಗಂಡಗ ಎದುರ ಮಾತಾಡಿದ್ದು ನಾ ಕೇಳಿಲ್ಲ, ಆದ್ರ ಸೊಸಿ ಸಲುವಾಗಿ ಸುಳ್ಳ ಹೇಳಾಕ ಹಿಂದ ಮುಂದ ನೋಡಲಿಲ್ಲ.

ಮೆಣಸಿನಕಾಯಿ ಒಣಗಿಸೂ ಕಾಲಕ್ಕ ಕಂಪನಿಯವರ ಸುದ್ದಿ ಬಂತು. ಬರೂ ಸೋಮವಾರ ಮುಂಜಾನೆ ಅವರ ಸಾಹೇಬ್ರು ಪಾಠ ನೋಡತಾರ. ಪಾಸಾದ್ರ ಪರ್ಮನೆಂಟ್, ಇಲ್ಲಂದ್ರ ಇಲ್ಲ. ಶೈಲಾ ವಾರದಿಂದ ತಯಾರಿ ನಡಸಿದ್ದಳು. ದೇವರ ಆಟ ನೋಡ್ರಿ, ಸೋಮವಾರನ ಆಕಿ ಕಡಿಗಾಗಬೇಕ? ನೀಲಮ್ಮ ಕಾಕು ನಸುಕಿನ್ಯಾಗ ಎದ್ದು ದೀಪಾ ಹಚ್ಚಿದ್ರು. ಆದ್ರ ಸೋಮವಾರ ದೀಪಾ ಹಚ್ಚೂದು ಸೊಸಿ ಪಾಳಿ, ಅದು ಕಾಕಾನ ಲೆಕ್ಕದಾಗ ಇತ್ತು. ಗೋದಾಮು ನೋಡಿದ ಕಣ್ಣು ಅವು.  ಜಗಲಿ ಮ್ಯಾಲಿಂದ ಮೊಬೈಲ್ ಎತ್ತಿದ್ರು, ಹಾಟ್‌ಸ್ಪಾಟ್ ಆರಿಸಿದ್ರು, ಚೀಲದಾಗ ಹಾಕಿ ನಡಕ್ಕ ಕಟ್ಟಿದ್ರು. ಚಪ್ಪಲ್ ಮೆಟ್ಟಿದ್ರು.

ಈ ಸಲ ಕಾಕು "ಶೈಲಾ" ಅಂತ ಒದರಲಿಲ್ಲ. ಬಾಗಲಕ್ಕ ಬಂದು, "ಇವತ್ತೊಂದಿನ ಬಿಡ್ರಿ, ಆ ಹುಡುಗಿ ಅನ್ನ ಅದು" ಅಂದ್ರು.

"ಸ್ಟಾಕ್ ಇಲ್ಲ" ಅಂದು ಕಾಕಾ ಹೊಂಟಬಿಟ್ರು.

ಶೈಲಾ ಅಳಲಿಲ್ಲ. ಅಳತಾಳಂತ ನಾ ಗ್ವಾಡಿ ಕಡೆ ಓಡಿದೆ. ಅಷ್ಟರಾಗ ಲ್ಯಾಪ್‌ಟಾಪ್ ಎದಿಗೆ ಅವಚಿಕೊಂಡು, ಮೊಬೈಲ್ ಬಾಯಾಗ ಕಚಗೊಂಡು, ಹಿತ್ತಲ ಗ್ವಾಡಿ ಜಿಗದು ನಮ್ಮ ಕಡೆ ಬಂದಬಿಟ್ಟಳು.

"ಅಕ್ಕೋರ, ನಿಮ್ಮ ಮಾಳಿಗಿ ಕೊಡ್ರಿ."

"ತಗೋ ನಮ್ಮವ್ವ, ಮನೀನ ತಗೋ" ಅಂದೆ. ಅವತ್ತ ನಮ್ಮ ಸಾಲಿ ಸೂಟಿ ಇತ್ತು, ನನ್ನ ಪುಣ್ಯಾ.

ನಮ್ಮ ಮಾಳಿಗಿ ತುಂಬ ಬ್ಯಾಡಗಿ ಮೆಣಸಿನಕಾಯಿ ಹರವಿದ್ವು, ಕೆಂಪಗ ಕಣ್ಣ ಕುಕ್ಕೂಹಂಗ. ನಡಬರಕ ಒಂದ ಚಾಪಿ ಹಾಸುವಷ್ಟ ಜಾಗ ಮಾಡಿ, ನೀರಿನ ಕೊಡ ಡಬ್ಬ ಹಾಕಿ ಅದರ ಮ್ಯಾಲ ಲ್ಯಾಪ್‌ಟಾಪ್ ಇಟ್ಟಿವಿ. ಶೈಲಾ ತನ್ನ ಮೊಬೈಲಿನಿಂದನ ಹಾಟ್‌ಸ್ಪಾಟ್ ಹಚ್ಚಿದಳು, ಸಿಗ್ನಲ್ ಧೋ ಧೋ ಅಂತ ಬಂತು. ನಾ ಒಂದ ಕೈಯಾಗ ಬಿಸಲಿಗೆ ಕೊಡಿ ಹಿಡದೆ, ಇನ್ನೊಂದ ಕೈಯಾಗ ನನ್ನ ಮೊಬೈಲ್. ಪಾಠ ಚಾಲೂ ಆತು. ಗಾಳಿ ಬೀಸಿದ್ರ ಘಾಟು. ಶೈಲಾನ ಕಣ್ಣಾಗ ಮೂಗಿನ್ಯಾಗ ನೀರು.

"ಮಿಸ್, ಅಳಾಕತ್ತೀರೇನ್ರಿ?" ಅಂತ ಒಂದು ಹುಡುಗಿ ಕೇಳಿತು.

"ಇಲ್ಲವ್ವ, ಇದು ನಮ್ಮ ಊರ ಹೊಲದ್ದು, ನೋಡ್ರಿ" ಅಂತ ಒಂದು ಬೊಗಸಿ ಮೆಣಸಿನಕಾಯಿ ಎತ್ತಿ ತೋರಿಸಿದಳು. ಆಮ್ಯಾಲೆ ಅದ ಮೆಣಸಿನಕಾಯಿಂದನ ಭಿನ್ನರಾಶಿ ಹೇಳಿದಳು. ಒಂದು ಗುಂಪಿ, ಅದರಾಗ ಅರ್ಧ, ಅರ್ಧದಾಗ ಕಾಲು. ಅರ್ಧಕ್ಕ ಅರ್ಧ ಗುಣಿಸಿದ್ರ ಕಡಿಮಿ ಯಾಕಾಗತೈತಿ ಅನ್ನೂದು ನನಗೂ ಅವತ್ತ ಖರೇ ತಿಳೀತು, ಅಷ್ಟು ವರ್ಷ ಕಲಿಸಿಕೋತ ಬಂದಿದ್ದೆ ನಾ!

ಹನಮಪ್ಪನ ಗುಡಿ ಕಟ್ಟಿಯಿಂದ ನಮ್ಮ ಮಾಳಿಗಿ ನೆಟ್ಟಗ ಕಾಣತೈತಿ. ಮಾಬೂಸಾಬ ಅಂಗಡಿಯಿಂದ ತಲಿ ಹೊರಗ ಹಾಕಿ, "ಸಾಹೇಬ್ರ, ಮಾಳಿಗಿ ಮ್ಯಾಲ ನಿಮ್ಮ ಸೊಸಿ ಅಲ್ಲೇನ್ರಿ? ಏನ ಚಂದ ಕಲಸಾಕತ್ತಾಳ್ರಿ!" ಅಂದನಂತ. ಕಾಕಾ ಬುಸುಗುಟ್ಟಿಕೋತ ಬಂದು ನಮ್ಮ ಮನಿ ಮುಂದ ನಿಂತು ಬಾಯಿ ತಗದ್ರು. ನಾ ಮ್ಯಾಲಿಂದ ಬಟ್ಟ ತುಟಿಗೆ ಇಟ್ಟು, "ಶ್! ಕಾಕಾ, ಹುಬ್ಬಳ್ಳಿ ಸಾಹೇಬ್ರು ನೋಡಾಕತ್ತಾರ" ಅಂದೆ. ಸಾಹೇಬ್ರು ಅಂದಕೂಡ್ಲೆ ಬಾಯಿ ಮುಚ್ಚಿದ್ರು. ಸೊಸೈಟಿಗೆ ಆಡಿಟ್ ಸಾಹೇಬ್ರು ಬಂದಾಗ ಹಂಗ ನಿಂತು ರೂಢಿ. ಒದರಾಕ ಬರೂದಿಲ್ಲ, ಸುಮ್ಮನಿರಾಕ ಆಗೂದಿಲ್ಲ. ಮೊಬೈಲ್ ತಗದು ಏನೋ ಒತ್ತಾಕ ಹತ್ತಿದ್ರು. ನಾ ನನ್ನ ಮೊಬೈಲ್ ನೋಡಿದೆ. ನೆಟ್ಟಿನ ಪಟ್ಟಿಯಾಗ ಹೊಸ ಹೆಸರು ಬಂದಿತ್ತು.

"ಶೈಲಾ ಕೆಳಗ ಬಾ."

ನಾ ಕೆಳಗ ನೋಡಿದೆ, ಅವರು ಮ್ಯಾಲ ನೋಡಿದ್ರು. ಶೈಲಾಗ ಇದ್ಯಾವುದೂ ಗೊತ್ತಿಲ್ಲ, ಆಕಿ ಮೆಣಸಿನಕಾಯಿ ಹಂಚಾಕತ್ತಿದ್ದಳು. ಸ್ವಲ್ಪ ಹೊತ್ತಿಗೆ ಹೆಸರು ಬದಲಾತು. "ನೆಟ್ ಬಿಟ್ಟೀನಿ ಬಾ." ಎದುರಿಗೆ ಮಾಬೂಸಾಬ ತನ್ನ ಮೊಬೈಲ್ ನೋಡಿ ಹೊಟ್ಟಿ ಹಿಡಕೊಂಡು ಮಷೀನ್ ಮ್ಯಾಲ ಬಿದ್ದಿದ್ದ. ಪಾಠ ಮುಗಿಯೂ ಹೊತ್ತಿಗೆ ಮೂರನೇ ಹೆಸರು ಬಂತು.

"ಮೈಲಿಗಿ ಇಲ್ಲ ಬಾ."

ಎಷ್ಟು ಶ್ರಾವಣದಾಗ ಮೈಕ್ ಹಿಡದು ಹೇಳಿದ ಮಾತು, ಮನಿಯಾಗ ಹೇಳಿದ್ದು ಅದ ಮೊದಲನೇ ಸಲ, ಅದೂ ಹಾಟ್‌ಸ್ಪಾಟಿನ ಮ್ಯಾಲ. ಪಾಠ ಮುಗದು ಹುಬ್ಬಳ್ಳಿಯವರು ಹೋದ ಮ್ಯಾಲ ನಾ ಮೊಬೈಲ್ ಶೈಲಾನ ಮಾರಿಗೆ ಹಿಡದೆ. ಓದಿದಳು. ಕಣ್ಣ ಮೂಗ ವರಸಿಕೊಂಡು, ಮಾಳಿಗಿ ಅಂಚಿಗೆ ಬಂದು, ಭಾಳ ಮರ್ಯಾದಿಲೆ ಹೇಳಿದಳು.

"ಬ್ಯಾಡ್ರಿ ಮಾವಾರ. ನನ್ನ ಕಡೆ ಸ್ಟಾಕ್ ಐತಿ."

ವಾರದಾಗ ಪರ್ಮನೆಂಟ್ ಆತು. ಆದ್ರ ಅದಕ್ಕೂ ಮೊದಲ, ಮರುದಿನ ಮುಂಜಾನೆನ, ನೀಲಮ್ಮ ಕಾಕು ಒಂದು ಕೆಲಸ ಮಾಡಿದ್ರು. ಜಗಲಿಗೆ ದೀಪಾ ಹಚ್ಚಿ, ಗಂಡನ ಮೊಬೈಲನ್ನ ತಂಬಿಗಿ ಸಮೇತ ಬಾಜೂಕ ಸರಿಸಿ, ಸೊಸಿ ಮೊಬೈಲನ್ನ ಬೆಳಕಿಂಡಿ ಕೆಳಗ ಇಟ್ರು. ಕಾಕಾ ಹೌಹಾರಿ "ಒಂದ ಒರಿಯಾಗ ಎರಡ ಕತ್ತಿ" ಅನ್ನೂದ್ರೊಳಗ, "ಕತ್ತಿ ಅಲ್ರಿ ಇವು, ಮೊಬೈಲು" ಅಂದ್ರಂತ ಕಾಕು. "ಆಕಿ ಕಡಿಗಾಗ್ಯಾಳಲ್ಲ?" ಅಂದ್ರ, "ಶರಣರು ಸೂತಕ ಕಿತ್ತ ಒಗದಾರು. ನೀವು ಹೇಳಿದ್ದು ಕೇಳಿ ಕೇಳಿ ನನಗ ಬಾಯಿಪಾಠ ಆಗೈತಿ" ಅಂದು ಐದು ಬಟ್ಟ ಎತ್ತಿ, ಮಡಚಿ, ಮುಷ್ಟಿ ತೋರಿಸಿ ಅಡಗಿಮನಿಗೆ ಹೋದ್ರಂತ.

ಆಮ್ಯಾಲೆ ಕಾಕಾನ ನೆಟ್ಟಿಗೆ ಗಿರಾಕಿ ಇಲ್ಲ. ದಿನಾ ಹಚ್ಚತಿದ್ರು. "ನೆಟ್ ಬಿಟ್ಟೀನಿ" ಅಂತ ಹೆಸರು, ಯಾರೂ ಒಯ್ಯವಲ್ರು. ಕಡೀಕ ಪಾಸ್‌ವರ್ಡ್ ತಗದು ಬಾಗಲ ತೆರದಿಟ್ರು. ಒಂದಿನ ನಾ, ಎಷ್ಟಂದ್ರೂ ಹಿರ್ಯಾ ಜೀವ ಅಂತ ಅವರ ನೆಟ್ಟಿಗೆ ನನ್ನ ಮೊಬೈಲ್ ಹಚ್ಚಿದೆ. ಹಚ್ಚೂದ ತಡ, ಗ್ವಾಡಿ ಆ ಕಡಿಂದ ಧ್ವನಿ.

"ಅಕ್ಕೋರ! ಒಂದ ಡಿವೈಸ್ ತೋರಸಾಕತ್ತೈತಿ. ನೀವೇನು?"

"ಹೌದ್ರಿ ಕಾಕಾ."

"ಒಯ್ಯಿರಿ, ಒಯ್ಯಿರಿ!" ಅಂದ್ರು. ಆ ಧ್ವನಿಯಾಗ ಇದ್ದ ಖುಷಿ ಕೇಳಿ ನನಗ ಅಳು ಬಂದಂಗ ಆತು. ಪಾಪ ಅನಿಸಿದ್ದು ಭಾಳ ಹೊತ್ತಲ್ಲ. ಸಂಜಿಗೆ ಇಡೀ ಓಣಿ ಮೊಬೈಲಿನ್ಯಾಗ "ಅಕ್ಕೋರಿಗೆ ನಮ್ಮ ಫುಕಟ್ ನೆಟ್" ಅಂತ ಬಂದಿತ್ತು. ಕಿತ್ತು ಹಾಕಿದೆ. ಮತ್ತ ಹಚ್ಚಲಿಲ್ಲ.

ಒಂದಿನ ಮುಂಜಾನೆ ಚಹಾ ಕುಡದು ಪಡಸಾಲಿಯಾಗ ಕುಂತಾವರು ಕುಂತಲ್ಲೇ ಹೋದ್ರು. ಡಾಕ್ಟರನ್ನ ಕಾಯಿಸಲಿಲ್ಲ, ಮಗನ್ನ ಕಾಯಿಸಲಿಲ್ಲ. ಹುಟ್ಟಿದಾಗಿಂದ ಅದೊಂದ ಸಲ ಯಾರನ್ನೂ ಕಾಯಿಸಲಿಲ್ಲ.

ಈಗ ನುಡಿನಮನಕ್ಕ ಬರ್ರಿ. ಅವರ ತಮ್ಮ ಸೊಲ್ಲಾಪುರದಾಗ ಕಾಲ ಮುರಕೊಂಡು ಮಲಗಿದ್ದ. ಬರಾಕ ಆಗೂದಿಲ್ಲ, ವಿಡಿಯೋದಾಗರ ತೋರಸ್ರಿ ಅಂತ ಗೋಗರದಿದ್ದ. ಮಠದ ಸಭಾಭವನದಾಗ ನೆಟ್ ಇಲ್ಲ. ಶೈಲಾ ತನ್ನ ಮೊಬೈಲಿಂದ ಹಾಟ್‌ಸ್ಪಾಟ್ ಹಚ್ಚಿ ಲ್ಯಾಪ್‌ಟಾಪಿಗೆ ಜೋಡಿಸಿದಳು. ಸಿಗ್ನಲ್ ಬರೂದು ಕಿಡಕಿ ಬಾಜೂಕ ಅಷ್ಟ, ಅಲ್ಲೇ ಕಾಕಾನ ಫೋಟೋ ಇಟ್ಟಿದ್ರು. ನೀಲಮ್ಮ ಕಾಕು ಮೊಬೈಲ್ ತಗೊಂಡು ಹೋಗಿ ಫೋಟೋದ ಕಾಲಾಗ, ಹೂವಿನ ನಡಬರಕ ಇಟ್ಟು ಬಂದ್ರು.

ರಿಟೈರ್ ಆದ ಹೆಡ್‌ಮಾಸ್ತರು ಮೈಕ್ ಹಿಡದ್ರು. ಸೆಕ್ರೆಟರಿ ಸಾಹೇಬ್ರು ಮನಿಗೆ ನೆಟ್ ತಂದಾವರು, ಸೊಸಿನ್ನ ಬೆಳಸಿದಾವರು, ಮಾಳಿಗಿ ಮ್ಯಾಲ ಕುಂದರಿಸಿ ಪಾಠ ಹೇಳಿಸಿದ ಮಹಾನುಭಾವರು ಅಂದ್ರು. ನಾ ಹಲ್ಲ ಕಚ್ಚಿ ಕುಂತಿದ್ದೆ. ಮಾಸ್ತರು ಧ್ವನಿ ಏರಿಸಿದ್ರು. "ಐದೂ ಸೂತಕ ಮೆಟ್ಟಿ ನಿಂತ ಶರಣಜೀವಿ! ಮಠದಾಗ ನುಡದದ್ದನ್ನ ಮನಿಯಾಗ ನಡದಾವರು!"

ಬಾಜೂಕ ಕುಂತಿದ್ದ ಶೈಲಾ ಲ್ಯಾಪ್‌ಟಾಪಿನ ಮ್ಯಾಲಿಂದ ಕಣ್ಣ ತಗೀದನ, ನನ್ನ ಕಿವಿಗೆ ಬಾಯಿ ಹಚ್ಚಿದಳು.

"ಅಕ್ಕೋರ, ನಾ ಕಡಿಗಾಗಿ ಇವತ್ತ ಎರಡನೇ ದಿನಾರಿ."

ನಾ ಫೋಟೋ ನೋಡಿದೆ. ಹೂವು, ವಿಭೂತಿ, ಕಾಲಾಗ ಶೈಲಾನ ಮೊಬೈಲ್. ಅದರ ನೆಟ್ಟಿನ ಮ್ಯಾಲನ ಅವರ ಗುಣಗಾನ ಸೊಲ್ಲಾಪುರಕ್ಕ ಹೊಂಟಿತ್ತು. ಸೆರಗು ಬಾಯಿಗೆ ಹೋದದ್ದು ಆವಾಗ. ಮುಂದಿನ ಸಾಲಿನಿಂದ ನೀಲಮ್ಮ ಕಾಕು ತಿರುಗಿ ನೋಡಿ, ಮೆತ್ತಗ, "ಮೊಬೈಲ್ ಇಡೂ ಮುಂದ ಅವರ ಮಾರಿ ನೋಡಿದ್ನಿ. ಏನೂ ಅನ್ನಲಿಲ್ಲ" ಅಂದ್ರು.

ಮಾಸ್ತರ ಮಾತು ಮುಗದು ಎಲ್ಲಾರೂ ಎದ್ದು ಮೌನ ನಿಂತಿವಿ. ಮೌನ ಮುಗಿಯೂದ ತಡ, ಲ್ಯಾಪ್‌ಟಾಪಿನ್ಯಾಗಿಂದ ಸೊಲ್ಲಾಪುರದ ತಮ್ಮನ ಧ್ವನಿ ಸಭಾಕ್ಕೆಲ್ಲಾ ಕೇಳೂಹಂಗ ಬಂತು.

"ವೈನೀ, ಅಗದೀ ಸ್ವಚ್ಛ ಕಾಣಾಕತ್ತೈತಿ, ಒಮ್ಮೆನೂ ನಿಲ್ಲಲಿಲ್ಲ ನೋಡ್ರಿ. ಅಣ್ಣನ ನೆಟ್ಟೇನ್ರಿ ಇದು?"

ನೀಲಮ್ಮ ಕಾಕು ಕಣ್ಣ ವರಸಿಕೊಂಡು, ಲ್ಯಾಪ್‌ಟಾಪಿನ ಸನೇಕ ಬಂದು ಬಗ್ಗಿದ್ರು.

"ಅಲ್ಲಪಾ, ಶೈಲಾಂದು."